ಬೊಜ್ಜು: ಹೊಣೆ ಯಾರದು?

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯು ಆರೋಗ್ಯದ ಹೊಣೆಯನ್ನು ಉಣ್ಣುವವನ ಮೇಲೆಯೇ ಹೊರಿಸುತ್ತದೆ. ಅಡುಗೆಯೆಲ್ಲ ಮನೆಯಲ್ಲಿಯೇ ಆಗುತ್ತಿದ್ದ ಕಾಲಕ್ಕೆ ಇದು ಒಪ್ಪುವ ಮಾತು. ಇಂದಾದರೋ ನಾವು ಸೇವಿಸುವ ಎಷ್ಟೋ ಪದಾರ್ಥಗಳಲ್ಲಿ ಸಕ್ಕರೆಯೆಷ್ಟಿರಬೇಕೆಂದು ನಿರ್ಧರಿಸುವವರು ಕಾರ್ಖಾನೆಯವರು. ಹೀಗಿರುವಾಗ ಬೊಜ್ಜನ್ನು ತಡೆಯುವ ಹೊಣೆ ವ್ಯಕ್ತಿಯದೋ ಸರ್ಕಾರದ್ದೋ? ಬ್ರಿಟನ್ನಿನ ಒಂದು ಉದಾಹರಣೆಯಿಂದ ಇದನ್ನು ವಿಚಾರಮಾಡೋಣ.

ಮೊದಲು ಒಂದು ಸಣ್ಣ ಲೆಕ್ಕ. ಒಂದು ಗ್ರಾಂ ಸಕ್ಕರೆಯಿಂದ ದೇಹಕ್ಕೆ ಸುಮಾರು 4 ಕ್ಯಾಲೊರಿ ಶಕ್ತಿ ದೊರೆಯುತ್ತದೆ. 100 ಮಿಲಿಲೀಟರಿಗೆ 10 ಗ್ರಾಂ ಸಕ್ಕರೆಯಿರುವ ಪಾನೀಯದ 330 ಮಿಲಿಲೀಟರಿನ ಡಬ್ಬಿಯೊಂದರಲ್ಲಿ 33 ಗ್ರಾಂ ಸಕ್ಕರೆ, ಎಂದರೆ 132 ಕ್ಯಾಲೊರಿ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಸಲಹೆಯಂತೆ, ದಿನಕ್ಕೆ 2,000 ಕ್ಯಾಲೊರಿ ಬೇಕಾದವರು ಇಂಥ ಸಕ್ಕರೆಯನ್ನು 50 ಗ್ರಾಮಿಗಿಂತ, ಸಾಧ್ಯವಾದರೆ 25 ಗ್ರಾಮಿಗಿಂತ ಕಡಮೆ ಸೇವಿಸಬೇಕು. ಕುಡಿದ ಸಕ್ಕರೆಯು ಹಸಿವನ್ನು ಅಷ್ಟಾಗಿ ತಣಿಸದು. ಆದುದರಿಂದ ಊಟ ಎಂದಿನಂತೆಯೇ ಸಾಗಿ, ವ್ಯಯವಾಗದ ಶಕ್ತಿಯು ಕೊಬ್ಬಾಗಿ ಶೇಖರವಾಗುತ್ತದೆ.

ಬ್ರಿಟಿಷ್ ಸರ್ಕಾರವು 2016ರಲ್ಲಿ ತಂಪು ಪಾನೀಯಗಳ ಮೇಲೆ ಸುಂಕವನ್ನು ಘೋಷಿಸಿ, 2018ರ ಏಪ್ರಿಲಿನಲ್ಲಿ ಜಾರಿಗೆ ತಂದಿತು. 100 ಮಿಲಿಲೀಟರಿಗೆ 5 ಗ್ರಾಮಿಗಿಂತ ಕಡಮೆ ಸಕ್ಕರೆಯಿದ್ದರೆ ಸುಂಕವಿರಲಿಲ್ಲ. 5 ಗ್ರಾಮಿನಿಂದ ಮೇಲೆ ಲೀಟರಿಗೆ 18 ಪೆನ್ಸ್. 8 ಗ್ರಾಮನ್ನು ಮುಟ್ಟಿದರೆ 24 ಪೆನ್ಸ್. ಇದನ್ನು ತೆರಬೇಕಾದವರು ಕುಡಿಯುವವರಲ್ಲ, ತಯಾರಕರು ಮತ್ತು ಆಮದು ಮಾಡುವವರು. ಸಕ್ಕರೆಯನ್ನು ತಗ್ಗಿಸಿದರೆ ಸುಂಕವೂ ತಪ್ಪುತ್ತಿದ್ದುದರಿಂದ, ಅದು ಜಾರಿಗೆ ಬರುವ ಮೊದಲೇ ಅರ್ಧಕ್ಕಿಂತ ಹೆಚ್ಚು ತಯಾರಕರು ಪಾಕವನ್ನೇ ಬದಲಾಯಿಸಿದರು. 2015ರಿಂದ 2020ರೊಳಗೆ ಈ ಪಾನೀಯಗಳಲ್ಲಿನ ಸಕ್ಕರೆಯ ಸರಾಸರಿ ಪ್ರಮಾಣವು ಶೇಕಡ 40ಕ್ಕಿಂತ ಹೆಚ್ಚಾಗಿ ಇಳಿಯಿತು.

ಇದರಿಂದ ಬೊಜ್ಜು ನೀಗಿತೆ? ಇಲ್ಲ. ಇಂಗ್ಲೆಂಡಿನ ಶಾಲಾಮಕ್ಕಳನ್ನು ಕುರಿತು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. 10–11 ವರ್ಷದ ಹುಡುಗಿಯರಲ್ಲಿ ಸ್ಥೂಲಕಾಯವು, ಸುಂಕವಿಲ್ಲದಿದ್ದರೆ ಎಷ್ಟಿರುತ್ತಿತ್ತೋ ಅದಕ್ಕಿಂತ ಶೇಕಡ 8ರಷ್ಟು ಕಡಮೆಯೆಂದು ಕಂಡುಬಂದಿತು. ಹುಡುಗರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಒಂದು ಪಾನೀಯವನ್ನು ತಿದ್ದಿದ ಮಾತ್ರಕ್ಕೆ ಆಹಾರವೆಲ್ಲ ತಿದ್ದಿದಂತಾಗುವುದಿಲ್ಲವಷ್ಟೆ.

ನಮ್ಮ ದೇಶದಲ್ಲಿ 2025ರ ಸೆಪ್ಟೆಂಬರಿನಿಂದ ಸೋಡಾ ಬಗೆಯ ಸಿಹಿ ಪಾನೀಯಗಳಿಗೆ ಶೇಕಡ 40ರ ಸರಕು ಮತ್ತು ಸೇವಾ ತೆರಿಗೆಯಿದೆ. ಆದರೆ ಅದು ಬೆಲೆಯ ಮೇಲಿನ ತೆರಿಗೆ. ಸಕ್ಕರೆ 4 ಗ್ರಾಂ ಇದ್ದರೂ 11 ಗ್ರಾಂ ಇದ್ದರೂ ದರ ಒಂದೇ. ಪಾಕವನ್ನು ಬದಲಾಯಿಸಲು ತಯಾರಕರಿಗೆ ಇದರಿಂದ ಪ್ರೇರಣೆ ದೊರೆಯದು.

ಅಂಗಡಿಗೆ ಬರುವ ಪದಾರ್ಥ ಹೇಗಿರಬೇಕೆಂಬುದನ್ನು ತಿದ್ದುವ ಶಕ್ತಿ ಸರ್ಕಾರಕ್ಕಿದೆ. ಒಬ್ಬೊಬ್ಬರ ವಿವೇಕದಿಂದ ಆ ಕೆಲಸ ಆಗದು. ಅದರಲ್ಲಿ ಏನನ್ನು, ಎಷ್ಟನ್ನು ಸೇವಿಸಬೇಕೆಂಬುದು ಮಾತ್ರ ನಮ್ಮ ಹೊಣೆ. ಅದನ್ನು ಯಾವ ಕಾನೂನೂ ಹೊರಲಾರದು. ವಿದ್ಯಾರ್ಥಿಗಳು ಸೀಸೆಯ ಮೇಲೆ ಅಚ್ಚಾಗಿರುವ ಸಕ್ಕರೆಯ ಅಂಕಿಯನ್ನು ಸೀಸೆಯ ಅಳತೆಯಿಂದ ಗುಣಿಸಿ, 100ರಿಂದ ಭಾಗಿಸಿ ನೋಡಲಿ. 100 ಮಿಲಿಲೀಟರಿಗೆ 10 ಗ್ರಾಮಿನಂತೆ 600 ಮಿಲಿಲೀಟರಿನ ಸೀಸೆಯಲ್ಲಿ 60 ಗ್ರಾಂ: ಇಡೀ ದಿನದ ಮಿತಿಯನ್ನು ಒಂದೇ ಸೀಸೆ ಮೀರಿತು. ಇಂದು ‘ಊಟ ಬಲ್ಲವ’ರಾಗಲು ಈ ಲೆಕ್ಕವನ್ನೂ ಬಲ್ಲವರಾಗಬೇಕು.