ಅಂಗಳ ಒದ್ದೆ ಆಗಿದ್ದರೆ ಮಳೆ ಬಂತೇ? ತರ್ಕದ ಮೊದಲ ಪಾಠ

ಮಕ್ಕಳೇ, ಮೊದಲು ನನ್ನದೇ ಒಂದು ತಪ್ಪಿನ ಕಥೆ ಹೇಳ್ತೀನಿ.

ಒಂದು ಶನಿವಾರ ತರಗತಿಯಲ್ಲಿ ಉಕ್ತಲೇಖನ ಕೊಟ್ಟಿದ್ದೆ. ಒಬ್ಬ ಹುಡುಗಿ ‘ಮಳೆ’ ಅನ್ನೋ ಕಡೆ ‘ಮಲೆ’ ಅಂತ ಬರೆದಿದ್ದಳು, ‘ಹಳ್ಳಿ’ ಅನ್ನೋ ಕಡೆ ‘ಹಲ್ಲಿ’ ಅಂತ. ಹತ್ತು ಪದಗಳಲ್ಲಿ ಆರು ತಪ್ಪು. “ಈ ವಾರ ಮನೇಲಿ ಓದೇ ಇಲ್ಲ, ಅಲ್ವಾ?” ಎಂದು ಎಲ್ಲರ ಮುಂದೆ ಕೇಳಿಬಿಟ್ಟೆ. ಅವಳು ಮಾತಾಡದೆ ತಲೆ ತಗ್ಗಿಸಿದಳು. ತರಗತಿ ಮುಗಿದ ಮೇಲೆ ಅವಳ ಅಮ್ಮ ಮನೆಯ ಪುಸ್ತಕ ತಂದು ತೋರಿಸಿದರು. ಪ್ರತಿ ಪದವನ್ನೂ ಐದೈದು ಸಲ ನೋಡಿ ಬರೆದಿದ್ದಳು, ಒಂದೂ ತಪ್ಪಿರಲಿಲ್ಲ. ಆದರೆ ನಾನು ಹೇಳಿದ್ದನ್ನು ಕೇಳಿ ಬರೆಯುವಾಗ ‘ಲ’ ಮತ್ತು ‘ಳ’ ಅವಳ ಕಿವಿಗೆ ಒಂದೇ ಥರ ಕೇಳಿಸುತ್ತಿದ್ದವು, ಅಷ್ಟೇ.

ನಾನು ಎಲ್ಲಿ ಎಡವಿದೆ? ನನ್ನ ತಲೆಯಲ್ಲಿದ್ದ ನಿಯಮ ಇದು: “ಓದದಿದ್ದರೆ ತಪ್ಪು ಬರುತ್ತದೆ.” ಅದೇನೂ ಸುಳ್ಳಲ್ಲ. ಆದರೆ ನಾನು ಅದನ್ನು ತಿರುಗಿಸಿ, “ತಪ್ಪು ಬಂದಿದ್ದರೆ ಓದಿಲ್ಲ” ಎಂದುಕೊಂಡೆ. ಈ ಎರಡು ಮಾತೂ ಒಂದೇ ಅಲ್ಲ. ಈ ವ್ಯತ್ಯಾಸವನ್ನು ಹಿಡಿಯಲು ಕಲಿಸುವ ವಿದ್ಯೆಗೆ ತರ್ಕಶಾಸ್ತ್ರ ಎಂದು ಹೆಸರು.

ಒಂದು ನಿಯಮ, ನಾಲ್ಕು ಪ್ರಶ್ನೆ

ಚಾವಣಿ ಇಲ್ಲದ ಒಂದು ಅಂಗಳ ಇದೆ ಅಂದುಕೊಳ್ಳಿ. ನಮ್ಮ ನಿಯಮ: “ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ.” ಈ ನಿಯಮ ನಿಜ ಎಂದು ಒಪ್ಪಿಕೊಳ್ಳೋಣ. ಈಗ ನೋಡಿ.

1. ಮಳೆ ಬಂತು. ಹಾಗಾದರೆ ಅಂಗಳ ಒದ್ದೆಯೇ? ಹೌದು, ನಿಯಮ ಹೇಳುವುದೇ ಅದನ್ನು.

2. ಅಂಗಳ ಒದ್ದೆಯಾಗಿದೆ. ಹಾಗಾದರೆ ಮಳೆ ಬಂತೇ? ಹೇಳಕ್ಕಾಗಲ್ಲ. ಅಪ್ಪ ಕಾರ್ ತೊಳೆದಿರಬಹುದು, ಅಮ್ಮ ಗಿಡಕ್ಕೆ ನೀರು ಬಿಟ್ಟಿರಬಹುದು.

3. ಮಳೆ ಬರಲಿಲ್ಲ. ಹಾಗಾದರೆ ಅಂಗಳ ಒಣಗಿದೆಯೇ? ಇದೂ ಹೇಳಕ್ಕಾಗಲ್ಲ. ಕಾರಣ ಮೇಲಿನದೇ.

4. ಅಂಗಳ ಒದ್ದೆಯಾಗಿಲ್ಲ. ಹಾಗಾದರೆ ಮಳೆ ಬಂದಿಲ್ಲವೇ? ಹೌದು, ಖಂಡಿತ ಬಂದಿಲ್ಲ. ಬಂದಿದ್ದರೆ ಒದ್ದೆಯಾಗಲೇಬೇಕಿತ್ತು.

ಒಂದನೆಯದೂ ನಾಲ್ಕನೆಯದೂ ಸರಿಯಾದ ದಾರಿ. ಎರಡನೆಯದೂ ಮೂರನೆಯದೂ ಜಾರುವ ದಾರಿ. ನಿಯಮವನ್ನು ಹಿಂದುಮುಂದು ಮಾಡಿದರೆ ಬರುವ ಮಾತಿಗೆ ‘ವಿಲೋಮ’ ಎನ್ನುತ್ತಾರೆ. ನಿಯಮ ನಿಜವಾಗಿದ್ದ ಮಾತ್ರಕ್ಕೆ ಅದರ ವಿಲೋಮವೂ ನಿಜ ಆಗಬೇಕಾಗಿಲ್ಲ. ಆ ಶನಿವಾರ ನಾನು ಜಾರಿದ್ದು ಎರಡನೆಯ ದಾರಿಯಲ್ಲಿ.

ಹಳೆಯ ಬೆಟ್ಟ, ಹಳೆಯ ಹೊಗೆ

ಇದು ಹೊಸ ವಿದ್ಯೆಯೇನಲ್ಲ. ಗ್ರೀಸ್ ದೇಶದಲ್ಲಿ ಅರಿಸ್ಟಾಟಲ್ ತರ್ಕದ ನಿಯಮಗಳನ್ನು ಬರೆದಿಟ್ಟ. ನಮ್ಮ ದೇಶದಲ್ಲಿ ನ್ಯಾಯದರ್ಶನದ ಪಂಡಿತರು ಒಂದು ವಾದವನ್ನು ಐದು ಮೆಟ್ಟಿಲಾಗಿ ಹೇಳಬೇಕು ಎಂದರು. ಅವರ ಪ್ರಸಿದ್ಧ ಉದಾಹರಣೆ ಹೀಗಿದೆ.

ಪ್ರತಿಜ್ಞೆ: ಬೆಟ್ಟದಲ್ಲಿ ಬೆಂಕಿ ಇದೆ.
ಹೇತು: ಯಾಕೆಂದರೆ ಅಲ್ಲಿ ಹೊಗೆ ಇದೆ.
ಉದಾಹರಣೆ: ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಇರುವ ಹಾಗೆ.
ಉಪನಯ: ಈ ಬೆಟ್ಟದಲ್ಲೂ ಅಂಥ ಹೊಗೆ ಇದೆ.
ನಿಗಮನ: ಆದ್ದರಿಂದ ಬೆಟ್ಟದಲ್ಲಿ ಬೆಂಕಿ ಇದೆ.

ಇದನ್ನೇ ತಿರುಗಿಸಿ, “ಬೆಂಕಿ ಇದ್ದಲ್ಲಿ ಹೊಗೆ ಇರುತ್ತದೆ” ಎನ್ನಬಹುದಾ? ಆಗಲ್ಲ ಎಂದರು ಅವರು. ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ತೋರಿಸಿದರು. ಅದರಲ್ಲಿ ಬೆಂಕಿ ಇದೆ, ಹೊಗೆ ಇಲ್ಲ! ತಪ್ಪು ನಿಯಮವನ್ನು ಕೆಡವಲು ಹೀಗೆ ಒಂದೇ ಒಂದು ಉದಾಹರಣೆ ಸಾಕು.

ಕನ್ನಡದ ಪುಟ್ಟ ‘ರೆ’

ಇಂಗ್ಲಿಷಿನಲ್ಲಿ ‘ಇಫ್’ ಎಂಬ ಪದ ಸಾಮಾನ್ಯವಾಗಿ ಮಾತಿನ ಮುಂದೆಯೇ ನಿಂತು ಎಚ್ಚರಿಕೆ ಕೊಡುತ್ತದೆ. ಕನ್ನಡದಲ್ಲಿ ಆ ಕೆಲಸವನ್ನು ಕ್ರಿಯಾಪದದ ಬಾಲ ಮಾಡುತ್ತದೆ: ಬಂದರೆ, ತಿಂದರೆ, ಓದಿದರೆ. ಬಾಲ ಸ್ವಲ್ಪ ಬದಲಾದರೂ ಅರ್ಥ ಪೂರ್ತಿ ಬದಲಾಗುತ್ತದೆ.

“ಅಜ್ಜಿ ಬಂದರೆ ಪಾಯಸ ಮಾಡ್ತೀವಿ.” ಅಜ್ಜಿ ಬಂದ ದಿನ ಪಾಯಸ ಖಂಡಿತ. ಬರದ ದಿನದ ವಿಷಯ ಹೇಳಿಲ್ಲ.
“ಅಜ್ಜಿ ಬಂದರೆ ಮಾತ್ರ ಪಾಯಸ ಮಾಡ್ತೀವಿ.” ಬರದಿದ್ದರೆ ಪಾಯಸ ಇಲ್ಲವೇ ಇಲ್ಲ.
“ಅಜ್ಜಿ ಬಂದರೂ ಪಾಯಸ ಮಾಡಲ್ಲ.” ಬರಲಿ ಬಿಡಲಿ, ಪಾಯಸದ ಆಸೆ ಬಿಡಿ!

ಅಪ್ಪ ಸುಳ್ಳು ಹೇಳಿದರೇ?

“ಹೋಂವರ್ಕ್ ಮುಗಿಸದಿದ್ದರೆ ಪಾರ್ಕ್ ಇಲ್ಲ” ಅಂತ ಅಪ್ಪ ಹೇಳಿದರು. ಮಗ ಓಡಿಹೋಗಿ ಮುಗಿಸಿ, ಶೂ ಹಾಕಿಕೊಂಡು ಬಂದ. “ಇವತ್ತು ಆಗಲ್ಲ ಪುಟ್ಟ, ಕೆಲಸ ಇದೆ” ಎಂದರು ಅಪ್ಪ. “ನೀವು ಸುಳ್ಳು ಹೇಳಿದ್ರಿ!” ಎಂದು ಮಗ ಅತ್ತ.

ತರ್ಕದ ಪ್ರಕಾರ ಅಪ್ಪನ ಮಾತು ಸುಳ್ಳಲ್ಲ. ಮುಗಿಸದಿದ್ದರೆ ಏನಾಗುತ್ತದೆ ಎಂದಷ್ಟೇ ಅವರು ಹೇಳಿದ್ದು. ಆದರೆ ಮಗನಿಗೆ ಕೇಳಿಸಿದ್ದು “ಮುಗಿಸಿದರೆ ಪಾರ್ಕ್ ಉಂಟು” ಎಂದು. ಯಾರೇ ಆದರೂ ಹಾಗೇ ಅರ್ಥ ಮಾಡಿಕೊಳ್ಳುತ್ತಾರೆ. ಆದ್ದರಿಂದ ತಂದೆತಾಯಿಯರಲ್ಲಿ ಒಂದು ವಿನಂತಿ: ತರ್ಕದಲ್ಲಿ ಗೆದ್ದೆವು ಎಂದು ಮಗುವಿನ ಬಾಯಿ ಮುಚ್ಚಿಸಬೇಡಿ. ಮಾತು ಕೊಡುವುದಾದರೆ ಎರಡೂ ಕಡೆ ಬಿಡಿಸಿ ಹೇಳಿ. ಮಕ್ಕಳೇ, ನೀವೂ “ಮುಗಿಸಿದರೆ ಖಂಡಿತ ಹೋಗ್ತೀವಾ?” ಎಂದು ಮೊದಲೇ ಕೇಳಿಬಿಡಿ.

ಮನೆಮಂದಿಗೆಲ್ಲ ಒಂದು ಒಗಟು

1966ರಲ್ಲಿ ಪೀಟರ್ ವಾಸನ್ ಎಂಬ ಮನಶ್ಶಾಸ್ತ್ರಜ್ಞರು ಇಂಥದೊಂದು ಒಗಟನ್ನು ಪ್ರಕಟಿಸಿದರು. ದೊಡ್ಡವರಲ್ಲೂ ಹೆಚ್ಚಿನವರು ಇದರಲ್ಲಿ ತಪ್ಪುತ್ತಾರೆ. ನಮ್ಮ ಅಕ್ಷರಗಳಲ್ಲಿ ಅದನ್ನು ಹೀಗೆ ಆಡೋಣ. ಮೇಜಿನ ಮೇಲೆ ನಾಲ್ಕು ಕಾರ್ಡ್‌ಗಳಿವೆ. ಪ್ರತಿಯೊಂದಕ್ಕೂ ಒಂದು ಕಡೆ ಅಕ್ಷರ, ಇನ್ನೊಂದು ಕಡೆ ಅಂಕಿ. ನಮಗೆ ಕಾಣುವುದು ಇಷ್ಟು:

ಅ    ಕ    4    7

ನಿಯಮ: “ಒಂದು ಕಡೆ ಸ್ವರ ಇದ್ದರೆ ಇನ್ನೊಂದು ಕಡೆ ಸಮಸಂಖ್ಯೆ ಇರಬೇಕು.” ನಿಯಮ ಪಾಲನೆಯಾಗಿದೆಯೇ ಎಂದು ನೋಡಲು ಯಾವ ಯಾವ ಕಾರ್ಡ್ ತಿರುಗಿಸಲೇಬೇಕು? ಉತ್ತರ ಕೆಳಗಿದೆ, ಈಗಲೇ ನೋಡಬೇಡಿ!

ಅಭ್ಯಾಸ

1. ಹಬ್ಬ ಇದ್ದರೆ ಅಜ್ಜಿ ಒಬ್ಬಟ್ಟು ಮಾಡುತ್ತಾರೆ. ಇವತ್ತು ಒಬ್ಬಟ್ಟು ಮಾಡಿದ್ದಾರೆ. ಇವತ್ತು ಹಬ್ಬವೇ?

2. ಜ್ವರ ಬಂದರೆ ಅನು ಶಾಲೆಗೆ ಹೋಗುವುದಿಲ್ಲ. ಇವತ್ತು ಹೋಗಿದ್ದಾಳೆ. ಅವಳಿಗೆ ಜ್ವರ ಇದೆಯೇ?

3. ಟಿಕೆಟ್ ಇದ್ದರೆ ಮಾತ್ರ ನಾಟಕಕ್ಕೆ ಒಳಗೆ ಬಿಡುತ್ತಾರೆ. ರವಿಯನ್ನು ಒಳಗೆ ಬಿಟ್ಟರು. ಅವನ ಹತ್ತಿರ ಟಿಕೆಟ್ ಇತ್ತೇ?

ಉತ್ತರಗಳು

ಒಗಟು: ‘ಅ’ ಮತ್ತು ‘7’. ‘ಅ’ ಹಿಂದೆ ಬೆಸಸಂಖ್ಯೆ ಇದ್ದರೆ ನಿಯಮ ಮುರಿಯಿತು. ‘7’ರ ಹಿಂದೆ ಸ್ವರ ಇದ್ದರೂ ಮುರಿಯಿತು. ‘ಕ’ ವ್ಯಂಜನ, ಅದರ ಬಗ್ಗೆ ನಿಯಮ ಏನೂ ಹೇಳಿಲ್ಲ. ‘4’ರ ಹಿಂದೆ ಏನಿದ್ದರೂ ನಿಯಮ ಮುರಿಯುವುದಿಲ್ಲ. ‘4’ ತಿರುಗಿಸಬೇಕು ಎಂದವರು ಎರಡನೆಯ ಪ್ರಶ್ನೆಯನ್ನು ಮತ್ತೊಮ್ಮೆ ಓದಿ.

ಅಭ್ಯಾಸ: 1. ಹೇಳಕ್ಕಾಗಲ್ಲ. ಮೊಮ್ಮಕ್ಕಳು ಕೇಳಿದ್ದಕ್ಕೂ ಮಾಡಿರಬಹುದು. 2. ಇಲ್ಲ. 3. ಇತ್ತು.

ಆ ಹುಡುಗಿಯ ವಿಷಯಕ್ಕೆ ಬರೋಣ. ಮುಂದಿನ ಶನಿವಾರ ಎಲ್ಲರ ಮುಂದೆಯೇ, “ನಾನು ಅಂದಿದ್ದು ತಪ್ಪು, ನೀನು ಓದಿದ್ದೆ” ಎಂದು ಹೇಳಿದೆ. ಆಮೇಲೆ ಇಡೀ ತರಗತಿ ನಾಲಿಗೆ ಹಿಂದಕ್ಕೆ ಮಡಚಿ ‘ಳ’, ‘ಳ’ ಎಂದು ಅಭ್ಯಾಸ ಮಾಡಿತು. ಅವಳೊಬ್ಬಳಿಗೇ ಅಲ್ಲ, ಇನ್ನೂ ನಾಲ್ಕು ಜನರಿಗೆ ಆ ವ್ಯತ್ಯಾಸ ಕೇಳಿಸುತ್ತಿರಲಿಲ್ಲ ಎಂದು ಅವತ್ತು ಗೊತ್ತಾಯಿತು. ನೀವೂ ಯಾರನ್ನಾದರೂ “ನೀನೇ ಮಾಡಿರ್ತೀಯ” ಅನ್ನುವ ಮುಂಚೆ ಆ ಒದ್ದೆ ಅಂಗಳವನ್ನು ಒಂದು ಸಲ ನೆನಪು ಮಾಡಿಕೊಳ್ಳಿ.