ಸ್ಕ್ರೂ ಹಾಕುವ ಮಷಿನ್

ನಮ್ಮ ಹೊನವಾಡ ಕಡೆ ದ್ರಾಕ್ಷಿ ಬಹಳ. ಒಣದ್ರಾಕ್ಷಿ ಶೆಡ್ಡಿಗೆ ತಗಡು ಹಾಕಬೇಕು. ತಗಡಿಗೆ ಸ್ಕ್ರೂ ಬೇಕು. ಹೊಲದಾಗ ಕರೆಂಟ್ ನಂಬಂಗಿಲ್ಲ. ಬ್ಯಾಟರಿ ಮಷಿನ್ ಬೇಕು.

ಸಾದಾ ಡ್ರಿಲ್ ಬರೀ ತಿರುಗುತ್ತದೆ. ಸ್ಕ್ರೂ ಬಿಗಿಯಾದರೆ ನಮ್ಮ ಕೈಯನ್ನೇ ತಿರುವುತ್ತದೆ. ಇಂಪ್ಯಾಕ್ಟ್ ಡ್ರೈವರ್ ಹಂಗಲ್ಲ. ಅದರೊಳಗೆ ಸಣ್ಣ ಸುತ್ತಿಗೆ ಇದೆ. ತಿರುಗುವ ಕಡೆಗೇ ಪೆಟ್ಟು ಕೊಡುತ್ತದೆ. ಸ್ಕ್ರೂ ಇಳಿಯುತ್ತದೆ. ಕೈಗೆ ನೋವು ಕಡಿಮೆ. ಸಪ್ಪಳ ಮಾತ್ರ ಜೋರು!

ಸಂಘದ ಸಾಲ ತೆಗೆಯುವ ಮೊದಲು ಕೇಳಿರಿ: “ಅಣ್ಣಾ, ಈ ರೇಟಿನ್ಯಾಗ ಬ್ಯಾಟರಿ, ಚಾರ್ಜರ್ ಬಂತೇನು?” ಕೆಲವರು ಬರೀ ಮಷಿನ್ ರೇಟ್ ಹೇಳತಾರ.

ತಗಡಿಗೆ 18 ವೋಲ್ಟಿನದು ಒಳ್ಳೆಯದು. ಬ್ಯಾಟರಿ ಹಾಕಿಯೇ ಎತ್ತಿ ನೋಡಿರಿ. ಗುಂಡಿ ಮೆಲ್ಲಗೆ ಒತ್ತಿರಿ. ಮೆಲ್ಲಗೇ ತಿರುಗಬೇಕು. ಇಲ್ಲವಾದರೆ ಬೇಡ. ಅತಿ ಬಿಗಿಯಾದರೆ ಸ್ಕ್ರೂವಿನ ರಬ್ಬರ್ ವಾಷರ್ ಹರಿಯುತ್ತದೆ. ಮಳೆನೀರು ಒಣದ್ರಾಕ್ಷಿ ಮೇಲೆ ಸೋರುತ್ತದೆ.