ಹಳೆಯ ಬಟ್ಟೆ: ಮಣ್ಣಿಗೆ ಸೇರತಕ್ಕದ್ದು, ಸೇರಬಾರದ್ದು

ಒಣ ತ್ಯಾಜ್ಯ ಘಟಕಕ್ಕೆ ಬರುವ ಕಾಗದ, ಗಾಜು, ತಗಡುಗಳಿಗೆ ಖರೀದಿದಾರರು ದೊರೆಯುತ್ತಾರೆ. ಒದ್ದೆಯಾಗಿ ಮಣ್ಣು ಹಿಡಿದ ಹರಕು ಬಟ್ಟೆಯನ್ನು ಕೇಳುವವರು ವಿರಳ. ಅದು ಕಡೆಗೆ ಚರಂಡಿಗೋ ಬೆಂಕಿಗೋ ಸೇರುತ್ತದೆ. ಆದುದರಿಂದ ಹಳೆಯ ಬಟ್ಟೆಯ ಸದ್ಬಳಕೆ ಮನೆ ಹಾಗೂ ಹಿತ್ತಿಲುಗಳಲ್ಲಿಯೇ ಆಗಬೇಕಾಗಿದ್ದು, ವಾರ್ಡ್ ಸಭೆಗಳಲ್ಲಿ ಮಾನ್ಯ ಸದಸ್ಯರು ಈ ವಿಷಯವನ್ನು ಪ್ರಸ್ತಾಪಿಸುವುದು ಸೂಕ್ತ.

ಮೊದಲು ತಿಳಿಯಬೇಕಾದುದು ಬಟ್ಟೆಯ ಜಾತಿ. ಅಂಚಿನಿಂದ ಒಂದೆರಡು ಎಳೆಗಳನ್ನು ತೆಗೆದು ಇಕ್ಕಳದಲ್ಲಿ ಹಿಡಿದು ಸುಡಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಮುದುಡಿ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಎರಡೂ ಲಕ್ಷಣ ಕಂಡಲ್ಲಿ ಅದು ಮಿಶ್ರ ನೂಲು. ಅದನ್ನು ಪಾಲಿಯೆಸ್ಟರ್ ಎಂದೇ ಪರಿಗಣಿಸತಕ್ಕದ್ದು.

ಶುದ್ಧ ಹತ್ತಿಯ ಪಂಚೆ, ಟವೆಲುಗಳನ್ನು ಸಣ್ಣಗೆ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಿದರೆ, ತೇವವಿದ್ದಲ್ಲಿ ಕೆಲವೇ ತಿಂಗಳುಗಳಲ್ಲಿ ಕೊಳೆಯುತ್ತವೆ. ಗುಂಡಿ, ಜಿಪ್, ಎಲಾಸ್ಟಿಕ್ ಮಾತ್ರವಲ್ಲ, ಹೊಲಿಗೆಯ ದಾರವನ್ನೂ ಬಿಡಿಸಬೇಕು; ಹತ್ತಿಯ ಉಡುಪಿಗೂ ಸಾಮಾನ್ಯವಾಗಿ ಪಾಲಿಯೆಸ್ಟರ್ ದಾರವೇ ಇರುತ್ತದೆ. ಹತ್ತಿ ಬಟ್ಟೆಯ ಬತ್ತಿಯ ಒಂದು ತುದಿಯನ್ನು ನೀರಿನ ಪಾತ್ರೆಯಲ್ಲಿಯೂ ಇನ್ನೊಂದನ್ನು ಗಿಡದ ಬುಡದ ಮಣ್ಣಿನಲ್ಲಿಯೂ ಇರಿಸಿದರೆ ಮನೆಯಲ್ಲಿ ಯಾರೂ ಇಲ್ಲದ ದಿನಗಳಲ್ಲಿ ಕುಂಡದ ಗಿಡ ಒಣಗದು.

ಬಿತ್ತನೆಗೆ ಮುನ್ನ ಇದೇ ಬಟ್ಟೆ ರೈತರ ಹಣವನ್ನು ಉಳಿಸಬಲ್ಲದು. ಒದ್ದೆ ಬಟ್ಟೆಯ ಮೇಲೆ 100 ಸೋಯಾಬೀನ್ ಕಾಳುಗಳನ್ನು ಸಾಲಾಗಿ ಇಟ್ಟು, ಸಡಿಲವಾಗಿ ಸುತ್ತಿ, ತೇವ ಆರದಂತೆ ನೆರಳಿನಲ್ಲಿರಿಸಿ, ಸುಮಾರು ಒಂದು ವಾರದ ಬಳಿಕ ಚೆನ್ನಾಗಿ ಮೊಳೆತವನ್ನು ಎಣಿಸಬೇಕು. ಪ್ರಮಾಣಿತ ಸೋಯಾಬೀನ್ ಬೀಜಕ್ಕೆ ಕನಿಷ್ಠ ಶೇ. 70 ಮೊಳಕೆ ಇರಬೇಕೆಂಬುದು ನಿಯಮ. ಖರ್ಚಿಲ್ಲದ ಈ ಪರೀಕ್ಷೆಯನ್ನು ಬಿಟ್ಟು ಬಿತ್ತುವುದು ಜಾಣತನವಲ್ಲ.

ಹಳೆಯ ಸೀರೆಗೆ ಇನ್ನೂ ದೊಡ್ಡ ಕೀರ್ತಿಯಿದೆ. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ ಗ್ರಾಮಗಳಲ್ಲಿ ಹಳೆಯ ಹತ್ತಿ ಸೀರೆಯನ್ನು ಮಡಚಿ ಕನಿಷ್ಠ 4 ಪದರಗಳಾಗಿಸಿ ಕುಡಿಯುವ ನೀರನ್ನು ಶೋಧಿಸಿದಾಗ ಕಾಲರಾ ಪ್ರಕರಣಗಳು ಸುಮಾರು ಶೇ. 48ರಷ್ಟು ಇಳಿದುದು 2003ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿದೆ. ರೋಗಾಣು ಅಂಟಿಕೊಂಡ ಸೂಕ್ಷ್ಮ ಜಲಜೀವಿಗಳು ಬಟ್ಟೆಯಲ್ಲಿ ಉಳಿಯುತ್ತವೆ. ಒಗೆದು ಒಗೆದು ಎಳೆ ಬಿಚ್ಚಿಕೊಂಡ ಸೀರೆಯ ರಂಧ್ರಗಳು ಹೊಸದಕ್ಕಿಂತ ಕಿರಿದಾಗಿರುವುದೇ ಇದರ ಗುಟ್ಟು. ಇದು ಕುದಿಸಿ ಆರಿಸುವುದಕ್ಕೆ ಬದಲಿಯಲ್ಲ, ಉರುವಲಿಲ್ಲದ ಹೊತ್ತಿನ ಆಸರೆ.

ಇನ್ನು ಪಾಲಿಯೆಸ್ಟರ್. ಕಾಡುಹಂದಿಗಳನ್ನು ಬೆದರಿಸಲು ಹೊಲದ ಸುತ್ತ ಬಣ್ಣದ ಸೀರೆಗಳನ್ನು ಕಟ್ಟುವುದು ನಮ್ಮಲ್ಲಿ ರೂಢಿ. ಕಟ್ಟುವುದರಲ್ಲಿ ತಪ್ಪಿಲ್ಲ; ಕಟಾವಿನ ನಂತರ ಬಿಚ್ಚದಿರುವುದೇ ತೊಂದರೆ. ಬಿಸಿಲಿಗೆ ಜೀರ್ಣವಾದ ಬಟ್ಟೆ ಎಳೆಎಳೆಯಾಗಿ ಉದುರಿ, ಕೊಳೆಯದೆ ಮಣ್ಣಿನಲ್ಲಿ ಉಳಿಯುತ್ತದೆ, ಮೇವಿನೊಡನೆ ದನಗಳ ಹೊಟ್ಟೆಯನ್ನೂ ಸೇರುತ್ತದೆ. ಗಟ್ಟಿ ಇರುವ ಸೀರೆಯನ್ನು ಸಂತೆಯ ಚೀಲವಾಗಿ ಹೊಲಿಸುವುದು ಲೇಸು. ಪ್ಲಾಸ್ಟಿಕ್ ಕೈಚೀಲಗಳು ರಾಜ್ಯದಲ್ಲಿ 2016ರಿಂದಲೇ ನಿಷಿದ್ಧವಷ್ಟೆ.

ಉತ್ತರ ಕರ್ನಾಟಕದ ಕೌದಿ, ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕವಂದಿಗಳನ್ನು ಕಂಡವರಿಗೆ ಚಿಂದಿಯ ಬೆಲೆಯನ್ನು ಹೇಳಬೇಕಾಗಿಲ್ಲ. ಸಂಜೀವಿನಿ ಸ್ವಸಹಾಯ ಗುಂಪುಗಳಲ್ಲಿ ಹೊಲಿಗೆ ಬಲ್ಲವರಿದ್ದರೆ, ತಿಂಗಳಿಗೊಂದು ದಿನ ನಿಗದಿಪಡಿಸಿ ಒಗೆದು ಒಣಗಿಸಿದ ಬಟ್ಟೆಯನ್ನು ಮಾತ್ರ ಪ್ರತ್ಯೇಕವಾಗಿ ಸಂಗ್ರಹಿಸಿ ಅವರಿಗೆ ಒಪ್ಪಿಸಬಹುದು. ಕಟಾವು ಮುಗಿದ ವಾರದಲ್ಲಿ ಹೊಲದ ಬೇಲಿಯ ಸೀರೆಗಳ ಬಗ್ಗೆ ಡಂಗುರ ಹೊಡೆಸುವುದನ್ನೂ ಇದರೊಡನೆ ಸೇರಿಸಿಕೊಳ್ಳಬಹುದು.